ಹೊಡೆದ ಮೇಲಿನ ಹೆಜ್ಜೆ

ನರಸೀಪುರದ ಆ ಹೈಸ್ಕೂಲಿನಲ್ಲಿ ಟೇಬಲ್ ಟೆನಿಸ್ ಮೇಜು ಇದ್ದದ್ದು ಹಿಂದೆ ಉಪ್ಪಿಟ್ಟಿನ ರವೆ ಮೂಟೆಗಳನ್ನು ಇಡುತ್ತಿದ್ದ ಉದ್ದನೆಯ ಕೋಣೆಯಲ್ಲಿ. ಗೋಡೆಯ ಬುಡದಲ್ಲಿ ಹುಳ ಹಿಡಿದ ರವೆಯ ವಾಸನೆ ಇನ್ನೂ ಹೋಗಿರಲಿಲ್ಲ. ಮೇಜನ್ನು ತೊಂಬತ್ತಾರರಲ್ಲಿ ಸಿದ್ದಮಲ್ಲಪ್ಪನವರು ಮೈಸೂರಿನಿಂದ ಲಾರಿಯಲ್ಲಿ ತರಿಸಿಕೊಟ್ಟಿದ್ದರು. ಬನ್ನೂರು ರಸ್ತೆಯಲ್ಲಿ ಅಕ್ಕಿ ಗಿರಣಿ ಇಟ್ಟುಕೊಂಡಿದ್ದ ಅವರು ಶಾಲೆಯ ಅಭಿವೃದ್ಧಿ ಸಮಿತಿಯ ಅಧ್ಯಕ್ಷರೂ ಹೌದು. ಅದಾಗಿ ಎರಡು ವರ್ಷ ಕಳೆದಿತ್ತು. ಅವರ ಮಗ ಮದನ್ ಈಗ ಹತ್ತನೇ ತರಗತಿಯಲ್ಲಿದ್ದ.

ಆಟ ಕಲಿಸುತ್ತಿದ್ದವರು ಪಿ.ಟಿ. ಮೇಷ್ಟ್ರು ನಟರಾಜ್. ಮೇಜಿನ ಆಚೆಯ ಅರ್ಧಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಆರು ಪಾತಿ ಮಾಡುವುದು ಅವರ ಕ್ರಮ. ನೆಟ್ಟಿನ ಹತ್ತಿರ ಮೂರು, ಅಂಚಿನ ಹತ್ತಿರ ಮೂರು. ಹುಡುಗರು ಚೆಂಡು ಹೊಡೆಯುವ ಮೊದಲು ಪಾತಿಯ ನಂಬರು ಕೂಗಬೇಕು, ಕೂಗಿದ ಪಾತಿಯಲ್ಲೇ ಚೆಂಡು ಬೀಳಬೇಕು.

“ಬಲವಾಗಿ ಹೊಡೆಯೋದು ಆಮೇಲೆ. ಮೊದಲು ಇಡೋದು ಕಲೀರಿ. ಎದುರಿನವನು ಎಲ್ಲಿದ್ದಾನೋ ಅದನ್ನ ನೋಡಬೇಡಿ, ಎಲ್ಲಿಲ್ಲವೋ ಅದನ್ನ ನೋಡಿ,” ಎನ್ನುತ್ತಿದ್ದರು. “ಒಂದನೇ ಚೆಂಡು ಅವನನ್ನ ಎಡಕ್ಕೆ ಎಳೀಲಿ. ಎರಡನೇದು ಇನ್ನೂ ಎಡಕ್ಕೆ. ಅವನು ಅಲ್ಲೇ ನಿಂತ್ಕೊಳ್ಳೋ ಮನಸ್ಸು ಮಾಡಿದಾಗ ಮೂರನೇದು ಬಲಕ್ಕೆ. ಅವಸರ ಮಾಡಿ ಎರಡನೇದರಲ್ಲೇ ಬಲಕ್ಕೆ ಇಟ್ಟರೆ ಕೆಟ್ಟಿರಿ.”

“ಏಳನೇ ಪಾತಿ ಯಾವ್ದು ಸಾ?” ಎಂದು ಸಿದ್ದರಾಜು ಗೊತ್ತಿದ್ದೂ ಕೇಳುತ್ತಿದ್ದ. ಅವನು ಬನ್ನೂರಿನ ಬಸ್ ಕಂಡಕ್ಟರ್ ಒಬ್ಬರ ಮಗ.

“ಅದು ಮೇಜಿನ ಮೇಲಿಲ್ಲ. ಎದುರಿನವನ ಮೊಣಕೈ ಎಲ್ಲಿದೆಯೋ ಅಲ್ಲಿ. ಎಡಗಡೆಯಿಂದ ಹೊಡೀಲೋ ಬಲಗಡೆಯಿಂದ ಹೊಡೀಲೋ ಅಂತ ಅವನಿಗೇ ಗೊತ್ತಾಗಬಾರದು.”

ಆ ಏಳನೇ ಪಾತಿಗೆ ಚೆಂಡನ್ನು ತಪ್ಪದೆ ಇಡುತ್ತಿದ್ದವನು ರಾಹುಲ್ ಒಬ್ಬನೇ. ಸಣಕಲು ಹುಡುಗ, ತೋಳಿನಲ್ಲಿ ಬಲವಿಲ್ಲ. ಆದರೆ ಅವನ ಚೆಂಡು ಹೇಳಿದ ಕಡೆ ಹೋಗಿ ಕೂರುತ್ತಿತ್ತು. ಹೆಸರಿಟ್ಟವನು ಅವನ ಅಪ್ಪ. ಬುದ್ಧನ ಮಗನ ಹೆಸರು. ಅಪ್ಪ ತೀರಿಕೊಂಡು ಆರು ವರ್ಷವಾಗಿತ್ತು. ಅವ್ವ ಗೋವಿಂದಮ್ಮ ಸಿದ್ದಮಲ್ಲಪ್ಪನವರ ಗಿರಣಿಯ ಅಂಗಳದಲ್ಲಿ ಭತ್ತ ಒಣಗಿಸುವ ಕೆಲಸಕ್ಕೆ ಹೋಗುತ್ತಿದ್ದರು. ರಾಹುಲ್ ಮತ್ತು ಮದನ್ ಇಬ್ಬರದೂ ಒಂದೇ ಊರು, ನೇರಳೆಹುಂಡಿ. ಬೆಳಿಗ್ಗೆ ಒಂದೇ ಬಸ್ಸಿನಲ್ಲಿ ಬರುತ್ತಿದ್ದರು.

ಆಗಸ್ಟ್ ಕೊನೆಗೆ ನಂಜನಗೂಡಿನಲ್ಲಿ ಜಿಲ್ಲಾ ಮಟ್ಟದ ಪಂದ್ಯ. ಎರಡು ಸಿಂಗಲ್ಸ್, ಒಂದು ಡಬಲ್ಸ್. ಸಿಂಗಲ್ಸ್‌ಗೆ ಮದನ್ ಮತ್ತು ಸಿದ್ದರಾಜು, ಡಬಲ್ಸ್‌ಗೆ ಮದನ್ ಜೊತೆ ರಾಹುಲ್ ಎಂದು ನಟರಾಜ್ ಆರಿಸಿದ್ದರು. ತಾಲ್ಲೂಕು ಪಂದ್ಯದಲ್ಲಿ ಸಿಂಗಲ್ಸ್ ಎರಡನ್ನೂ ಗೆದ್ದು ಡಬಲ್ಸ್ ಸೋತಿದ್ದರು. ಸೋಲಿಗೆ ಕಾರಣ ಎಲ್ಲರಿಗೂ ಕಾಣುವಂತಿತ್ತು. ಡಬಲ್ಸ್‌ನಲ್ಲಿ ಜೋಡಿಯವರು ಒಬ್ಬರಾದ ಮೇಲೆ ಒಬ್ಬರು ಹೊಡೆಯಬೇಕು. ಹೊಡೆದವನು ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಮತ್ತೊಬ್ಬನಿಗೆ ಜಾಗ ಬಿಡಬೇಕು. ರಾಹುಲ್ ಒಂದು ಹೆಜ್ಜೆ ಸರಿಯುತ್ತಿರಲಿಲ್ಲ, ಮೂರು ಹೆಜ್ಜೆ ಹಿಂದಕ್ಕೆ ಹೋಗಿಬಿಡುತ್ತಿದ್ದ. ಮತ್ತೆ ತನ್ನ ಸರದಿ ಬರುವಷ್ಟರಲ್ಲಿ ಮೇಜು ದೂರವಾಗಿರುತ್ತಿತ್ತು. ಎದುರಾಳಿ ನೆಟ್ಟಿನ ಹತ್ತಿರ ಮೆಲ್ಲಗೆ ಇಟ್ಟ ಚೆಂಡು ಅವನಿಗೆ ಎಟಕುತ್ತಿರಲಿಲ್ಲ.

ನಟರಾಜ್ ನೆಲದ ಮೇಲೆ ಅವನ ಕಾಲಿಗೆ ಒಂದು ವೃತ್ತ ಬರೆದರು. “ಇದರಿಂದ ಆಚೆ ಹೋಗಬಾರದು.”

“ಆಗ್ಲಿ ಸಾ.”

ಎರಡು ಚೆಂಡು ವೃತ್ತದೊಳಗೆ ನಿಲ್ಲುತ್ತಿದ್ದ. ಮೂರನೆಯದಕ್ಕೆ ಗೋಡೆಯ ಹತ್ತಿರ ಇರುತ್ತಿದ್ದ.

“ಯಾಕೋ ಅಷ್ಟು ದೂರ?”

“ಗುದ್ಬುಟ್ರೆ ಅಂತ ಸಾ.”

“ಗುದ್ದಲಿ ಬಿಡು. ಡಬಲ್ಸ್‌ನಲ್ಲಿ ಗುದ್ದದೇ ಇರೋ ಜೋಡಿ ಯಾವುದಿದೆ?”

ರಾಹುಲ್ ತಲೆ ಆಡಿಸಿದ. ಹೀಗೆ ಮೂರು ವಾರ ಕಳೆಯಿತು.

ಒಂದು ದಿನ ಮದನ್ ಶಾಲೆಗೆ ಬರಲಿಲ್ಲ, ಮನೆಯಲ್ಲಿ ಏನೋ ಕಾರ್ಯವಿತ್ತು. ಸುಮ್ಮನೆ ಕೂರಬಾರದೆಂದು ನಟರಾಜ್ ರಾಹುಲನನ್ನು ಸಿದ್ದರಾಜುವಿನ ಜೊತೆ ಆಡಿಸಿದರು. ಸಿದ್ದರಾಜು ದಪ್ಪನೆಯ ಹುಡುಗ, ಎಲ್ಲೆಂದರಲ್ಲಿ ನುಗ್ಗುವವನು. ಇಬ್ಬರೂ ನಾಲ್ಕೈದು ಸಲ ಡಿಕ್ಕಿ ಹೊಡೆದರು.

“ನಿನ್ ಜೊತೆ ಆಡೋದೂ ಒಂದೇ, ಕಬಡ್ಡಿ ಆಡೋದೂ ಒಂದೇ ಕಣ್ಲಾ,” ಎಂದು ರಾಹುಲ್ ನಕ್ಕ.

“ನೀ ಏನು ಕಡ್ಡಿ ಇದ್ದಂಗಿದೀಯ. ಅಡ್ಡ ಬಂದ್ರೆ ಕಾಣಾಕಿಲ್ಲ ಕಣ್ಲಾ, ಗಂಟೆ ಕಟ್ಕಂಡು ಬಾ,” ಎಂದ ಸಿದ್ದರಾಜು.

ನಟರಾಜ್ ಅವರ ಮಾತು ಕೇಳುತ್ತಿರಲಿಲ್ಲ, ನೆಲ ನೋಡುತ್ತಿದ್ದರು. ರಾಹುಲನ ಕಾಲು ವೃತ್ತ ದಾಟಿರಲಿಲ್ಲ. ಅರ್ಧ ಗಂಟೆ ಆಡಿದರೂ ದಾಟಲಿಲ್ಲ. ಹಾಗಾದರೆ ಹುಡುಗನಿಗೆ ಆ ಹೆಜ್ಜೆ ಬಾರದೆ ಇರುವುದಲ್ಲ. ಮದನನ ಜೊತೆ ಮಾತ್ರ ಬಾರದು.

ಮರುದಿನ ಶುಕ್ರವಾರ ಸಿದ್ದಮಲ್ಲಪ್ಪನವರೇ ಕೋಣೆಗೆ ಬಂದರು. ಮಗನ ಆಟ ಸ್ವಲ್ಪ ಹೊತ್ತು ನೋಡಿದರು. ಕೆಟ್ಟ ಮನುಷ್ಯರಲ್ಲ. ಸುತ್ತೂರು ಮಠದ ಶಾಲೆಯಲ್ಲಿ ಓದಿದವರು, ಮಾತು ತೂಕದ್ದು.

“ಮೇಷ್ಟ್ರೇ, ಡಬಲ್ಸ್ ನಡೀತಾ ಇಲ್ವಲ್ಲ. ಸಿದ್ದರಾಜು ಇದ್ದಾನೆ, ಅವನನ್ನೇ ಜೊತೆಗೆ ಹಾಕ್ಕಳಿ. ಮೂರನೇ ಹುಡುಗ ಯಾಕೆ?”

“ರಾಹುಲನ ಕೈ ಚೆನ್ನಾಗಿದೆ ಸಾರ್.”

“ಕೈ ಇದ್ರೆ ಆಯ್ತಾ? ಒಂದ್ ಕೆಲ್ಸ ಮಾಡಿ. ಮುಂದಿನ ಶನಿವಾರ ಪಕ್ಕದ ಕಾಲೇಜಿನ ಪಿಯುಸಿ ಹುಡುಗರ ಜೊತೆ ಆಡ್ಸಿ. ಗೆದ್ರೆ ಇವನೇ ಬರಲಿ, ನಂದೇನೂ ತಕರಾರಿಲ್ಲ. ಸೋತ್ರೆ ಬಿಟ್ಬುಡಿ. ನ್ಯಾಯವಾಗೇ ಹೇಳ್ತಾ ಇದೀನಿ.”

“ಆಗ್ಲಿ ಸಾರ್,” ಎಂದರು ನಟರಾಜ್.

ಅವರು ಹೋದ ಮೇಲೆ ರಾಹುಲ್ ಮೇಜು ಒರೆಸುತ್ತಾ, “ಸಾ, ಬೆನ್ನಿಗೆ ಸುಣ್ಣ ಮೆತ್ಕಂಡದೆ,” ಎಂದ.

ನಟರಾಜ್ ಅಂಗಿಯನ್ನು ಮುಂದಕ್ಕೆ ಎಳೆದು ನೋಡಿದರು. ಅಂಗಿಯ ಬೆನ್ನೆಲ್ಲ ಬಿಳಿ. ಸಿದ್ದಮಲ್ಲಪ್ಪನವರು ಒಳಗೆ ಬಂದಾಗ ತಾವು ಮೇಜಿನ ಪಕ್ಕ ನಿಂತಿದ್ದರು. ಯಾವಾಗ ಗೋಡೆಯವರೆಗೆ ಸರಿದರೋ ಅವರಿಗೆ ತಿಳಿಯಲಿಲ್ಲ. ಬಂದವರು ಸರಿದು ನಿಲ್ಲಿ ಎಂದಿರಲಿಲ್ಲ. ಕೋಣೆಯಲ್ಲಿ ಹತ್ತು ಜನಕ್ಕೆ ಜಾಗವಿತ್ತು.

ಭಾನುವಾರ ಅವರು ನಂಜನಗೂಡಿನ ಕಡೆಯ ತಮ್ಮ ಊರಿಗೆ ಹೋದರು. ಅಪ್ಪ ಪುಟ್ಟಬಸವಯ್ಯ ನಲವತ್ತು ವರ್ಷ ನೀರಗಂಟಿ ಕೆಲಸ ಮಾಡಿದವರು. ನಾಲೆಯ ತೂಬು ತೆಗೆದು ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಬಿಡುತ್ತಿದ್ದವರು ಅವರೇ. ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದ ಅಪ್ಪನನ್ನು ನಟರಾಜ್ ಕೇಳಿದರು.

“ಅಪ್ಪಾ, ಗದ್ದೆ ಬದದ ಮೇಲೆ ಎದುರಿಗೆ ಯಾರಾದ್ರೂ ಬಂದ್ರೆ ಏನು ಮಾಡ್ತಿದ್ದೆ?”

“ಇಳೀತಿದ್ದೆ. ಬದಾ ಇರೋದೇ ಒಂದಡಿ. ಇಬ್ರು ಓಗಾಕಾಯ್ತದಾ?”

“ಎಷ್ಟು ದೂರ ಇಳೀತಿದ್ದೆ?”

“ಇದೇನ್ ಮಗಾ, ಸರ್ವೆ ಮಾಡೋಕೆ ಬಂದಿದೀಯಾ?” ಎಂದು ಮುದುಕ ನಕ್ಕರು. ಎಲೆ ಮಡಿಸಿ ಬಾಯಿಗಿಟ್ಟುಕೊಂಡು ಸ್ವಲ್ಪ ಹೊತ್ತು ಅಗಿದರು. “ದೂರ ಅಂತ ಅಳ್ತೆ ಇರ್ನಿಲ್ಲ. ಅವ್ರು ಕತ್ತೆತ್ತಿ ನೋಡೋ ಅಂಗೆ ಇರ್ಬಾರ್ದು, ಅಷ್ಟೆಯ. ಅವ್ರು ಅವ್ರ ಪಾಡಿಗೆ ನಡ್ಕಂಡು ಓಯ್ತಾ ಇರ್ಬೇಕು.”

“ನನಗೆ ಹೇಳಿಕೊಟ್ಟಿದ್ದೆಯಾ?”

“ನಿಂಗಾ? ಇಲ್ವಲ್ಲ. ನೀನು ನನ್ನಿಂದೆ ಬತ್ತಿದ್ದೆ, ಅಷ್ಟೆ.”

ಸೋಮವಾರ ಸಂಜೆ ನಟರಾಜ್ ಮೊದಲ ಬಾರಿಗೆ ರಾಹುಲನ ಕಾಲು ಬಿಟ್ಟು ಮದನನ ಕಾಲು ನೋಡಿದರು. ಮದನ್ ಹೊಡೆದ ಮೇಲೆ ಎಲ್ಲಿ ನಿಂತಿದ್ದನೋ ಅಲ್ಲೇ ನಿಂತಿರುತ್ತಿದ್ದ. ಸೊಕ್ಕಿನಿಂದಲ್ಲ, ಹುಡುಗನಿಗೆ ಅದು ಗೊತ್ತೇ ಇರಲಿಲ್ಲ. ಅವನ ಸುತ್ತ ದಾರಿ ತಾನಾಗಿ ಖಾಲಿಯಾಗುತ್ತಿತ್ತು, ಅವನು ಆಡುತ್ತಿದ್ದ. ರಾಹುಲ್ ಅವನ ಹಿಂದಿನಿಂದ ಸುತ್ತಿ ಬಂದು ತನ್ನ ಚೆಂಡು ಹಿಡಿಯಬೇಕಿತ್ತು. ನೆಲದ ಮೇಲೆ ರಾಹುಲನ ವೃತ್ತವನ್ನು ಮೂರು ವಾರದಿಂದ ದಿನಾ ಬರೆದು ಬರೆದು ಸಿಮೆಂಟು ಬೆಳ್ಳಗಾಗಿತ್ತು. ಮದನನಿಗೆ ಒಂದು ಗೆರೆಯನ್ನೂ ಎಳೆದಿರಲಿಲ್ಲ.

ಅವತ್ತೇ ಹೇಳಬಹುದಿತ್ತು. ನಟರಾಜ್ ಹೇಳಲಿಲ್ಲ. “ಇಬ್ಬರೂ ಕಾಲು ಆಡಿಸಿ,” ಎಂದರು. ಮಂಗಳವಾರವೂ ಅದನ್ನೇ ಅಂದರು. ಹಾಗೆಂದಾಗಲೆಲ್ಲ ರಾಹುಲ್ ಒಬ್ಬನೇ ಇನ್ನಷ್ಟು ಚುರುಕಾಗಿ ಸರಿಯುತ್ತಿದ್ದ. ಮೇಜು ಕೊಟ್ಟವರ ಮಗನಿಗೆ ನೀನು ಇವನಿಗೆ ದಾರಿ ಬಿಡು ಎನ್ನುವ ಮಾತನ್ನು ನಟರಾಜ್ ದಿನಾ ನಾಳೆಗೆ ಮುಂದೂಡುತ್ತಿದ್ದರು. ಹಾಗೆ ಶುಕ್ರವಾರ ಬಂತು.

ಶನಿವಾರ ಅರ್ಧ ದಿನದ ಶಾಲೆ. ಕೋಣೆಯಲ್ಲಿ ಕಿಟಕಿಯವರೆಗೂ ಹುಡುಗರು. ಸಿದ್ದಮಲ್ಲಪ್ಪನವರಿಗೆ ಸ್ಟಾಫ್ ರೂಮಿನಿಂದ ಕುರ್ಚಿ ತಂದು ಹಾಕಿದ್ದರು. ಪಿಯುಸಿಯ ಇಬ್ಬರಲ್ಲಿ ಒಬ್ಬ ಉದ್ದನೆಯವನು, ಅನುಭವಸ್ಥ. ಐದು ಪಾಯಿಂಟ್ ಆಗುವಷ್ಟರಲ್ಲಿ ಅವನಿಗೆ ರಾಹುಲನ ಗುಟ್ಟು ತಿಳಿಯಿತು. ಅಲ್ಲಿಂದ ಮುಂದೆ ರಾಹುಲನ ಸರದಿ ಬಂದಾಗಲೆಲ್ಲ ಚೆಂಡನ್ನು ನೆಟ್ಟಿನ ಪಕ್ಕದ ಪಾತಿಗೆ ಮೆಲ್ಲಗೆ ಇಡತೊಡಗಿದ. ರಾಹುಲ್ ಓಡಿ ಬರುವಷ್ಟರಲ್ಲಿ ಚೆಂಡು ಎರಡನೇ ಸಲ ಕುಪ್ಪಳಿಸಿರುತ್ತಿತ್ತು. ಮೊದಲ ಗೇಮ್ ಇಪ್ಪತ್ತೊಂದು ಹದಿಮೂರು, ಪಿಯುಸಿಯವರದ್ದು.

ನಟರಾಜ್ ಹುಡುಗರನ್ನು ಕರೆಯಲಿಲ್ಲ. ಜೇಬಿನಿಂದ ಸೀಮೆಸುಣ್ಣ ತೆಗೆದು ಮೇಜಿನ ಹತ್ತಿರ ಹೋಗಿ ಬಗ್ಗಿದರು. ಮದನ್ ನಿಲ್ಲುವ ಜಾಗದಿಂದ ಪಕ್ಕಕ್ಕೆ ಒಂದು ಬಾಣ ಎಳೆದು ಅದರ ತುದಿಗೆ ಒಂದು ವೃತ್ತ ಬರೆದರು. ಎದ್ದು ನಿಂತರು.

“ಮದನ್, ಹೊಡೆದ ತಕ್ಷಣ ನೀನು ಇಲ್ಲಿಗೆ ಬರಬೇಕು. ರಾಹುಲನಿಗೆ ಜಾಗ ಬಿಡಬೇಕು. ಇಷ್ಟು ದಿನ ನೀನು ಬಿಟ್ಟಿಲ್ಲ.”

ಮದನ್ ಗೆರೆ ನೋಡಿದ, ಆಮೇಲೆ ಅಪ್ಪನನ್ನು ನೋಡಿದ. ಸಿದ್ದಮಲ್ಲಪ್ಪನವರು ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿದ್ದವರು ಕಾಲು ಇಳಿಸಿದರು.

“ನಾ ಸರಿದಿಲ್ವಾ ಸಾ?” ಎಂದು ಮದನ್ ಕೇಳಿದ. ಅವನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು.

“ಇಲ್ಲ.”

“ಅದನ್ನ ಮೊದ್ಲೇ ಹೇಳಬಾರದಾಗಿತ್ತಾ?”

“ಹೇಳಬೇಕಾಗಿತ್ತು,” ಎಂದರು ನಟರಾಜ್.

ಎರಡನೇ ಗೇಮಿನಲ್ಲಿ ಮದನ್ ಸರಿದ. ಮೊದಮೊದಲು ಎಣಿಸಿಕೊಂಡು ಹೆಜ್ಜೆ ಇಟ್ಟವನಂತೆ ಒಡ್ಡೊಡ್ಡಾಗಿ ಸರಿದ, ಆಮೇಲೆ ಕಾಲಿಗೆ ರೂಢಿಯಾಯಿತು. ಎದುರಿಗೆ ಜಾಗ ತೆರೆದದ್ದು ಕಂಡು ರಾಹುಲ್ ಒಂದೆರಡು ಚೆಂಡು ತಡವರಿಸಿದ. ಬರಬರುತ್ತಾ ಮೇಜಿನ ಹತ್ತಿರವೇ ಉಳಿದ. ನೆಟ್ಟಿನ ಪಕ್ಕದ ಚೆಂಡುಗಳು ಈಗ ಅವನಿಗೆ ಎಟಕುತ್ತಿದ್ದವು. ಎಟಕಿದ ಮೇಲೆ ಅವನ ಕೈ ತನ್ನ ಕೆಲಸ ಮಾಡಿತು: ಎಡಕ್ಕೆ, ಇನ್ನೂ ಎಡಕ್ಕೆ, ಆಮೇಲೆ ಉದ್ದನೆಯವನ ಮೊಣಕೈಗೆ. ಉದ್ದನೆಯವನು ಬ್ಯಾಟು ತಿರುಗಿಸುವುದೋ ಮೈ ತಿರುಗಿಸುವುದೋ ತಿಳಿಯದೆ ಚೆಂಡನ್ನು ಕಿಟಕಿಗೆ ಕಳಿಸಿದ. ಗೇಮ್ ಇಪ್ಪತ್ತೊಂದು ಹದಿನೇಳು, ನಮ್ಮ ಹುಡುಗರದ್ದು.

ಮೂರನೆಯದರಲ್ಲಿ ಇಪ್ಪತ್ತು ಹತ್ತೊಂಬತ್ತು. ಇನ್ನೊಂದು ಪಾಯಿಂಟ್ ಬಂದರೆ ರಾಹುಲ್ ನಂಜನಗೂಡಿಗೆ ಹೋಗುತ್ತಾನೆ ಎಂಬುದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ರಾಹುಲ್ ಮೊಣಕೈಗೇ ಇಟ್ಟ. ಉದ್ದನೆಯವನು ಹೇಗೋ ಬ್ಯಾಟು ಅಡ್ಡ ಹಿಡಿದ. ಚೆಂಡು ನೇರವಾಗಿ ರಾಹುಲನ ಮೈ ಮೇಲೆಯೇ ವಾಪಸು ಬಂತು. ರಾಹುಲ್ ಸರಿಯಾಗಿ ಒಂದೇ ಹೆಜ್ಜೆ ಸರಿದ. ಮದನ್ ನುಗ್ಗಿದ. ಒಬ್ಬನ ಕಾಲಿಗೆ ಇನ್ನೊಬ್ಬನ ಕಾಲು ತೊಡರಿ ಮದನ್ ಅಂಗಾತ ಬಿದ್ದ. ಚೆಂಡು ಗೋಡೆಗೆ ಹೋಯಿತು.

ಸಿದ್ದಮಲ್ಲಪ್ಪನವರು ಕುರ್ಚಿಯಿಂದ ಅರ್ಧ ಎದ್ದರು.

ಮದನ್ ಮೊಣಕೈ ಒರೆಸಿಕೊಂಡು ಎದ್ದು, “ಏನಾಗಿಲ್ಲ, ಆಡಾಣ,” ಎಂದ. ಆದರೆ ರಾಹುಲ್ ಮೇಜಿನ ಹತ್ತಿರ ಇರಲಿಲ್ಲ, ಗೋಡೆಗೆ ಒರಗಿ ನಿಂತಿದ್ದ. ಅವನು ನೋಡುತ್ತಿದ್ದುದು ಮದನನನ್ನಲ್ಲ, ಕುರ್ಚಿಯ ಕಡೆಗೆ.

ಆಮೇಲಿನ ಎರಡು ಪಾಯಿಂಟಿನಲ್ಲಿ ಹೇಳುವಂಥದ್ದೇನೂ ಇಲ್ಲ. ಮೊದಲ ಚೆಂಡು ನೆಟ್ಟಿನ ಪಕ್ಕ ಬಿತ್ತು, ರಾಹುಲ್ ಗೋಡೆಯಿಂದ ಬರಲಾರದೆ ಹೋದ. ಎರಡನೆಯದಕ್ಕೆ ಬಂದ, ಆದರೆ ಚೆಂಡು ನೆಟ್ಟಿಗೆ ತಗುಲಿತು. ಇಪ್ಪತ್ತೆರಡು ಇಪ್ಪತ್ತು.

ಹುಡುಗರೆಲ್ಲ ಹೊರಗೆ ಹೋದ ಮೇಲೆ ಸಿದ್ದಮಲ್ಲಪ್ಪನವರು ಹತ್ತಿರ ಬಂದರು. “ಚೆನ್ನಾಗೇ ಆಡಿದ್ರು. ಆದ್ರೂ ಸೋತ್ರಲ್ಲ ಮೇಷ್ಟ್ರೇ.”

“ಹುಡುಗ ಹೆದರಿದ ಸಾರ್. ಮದನ್ ಬಿದ್ದಿದ್ದಕ್ಕೆ.”

“ನಾನೇನಂದೆ? ಒಂದ್ ಮಾತು ಅಂದ್ನಾ?”

“ಇಲ್ಲ ಸಾರ್. ನೀವೇನೂ ಅನ್ನಲಿಲ್ಲ.”

“ಮತ್ಯಾಕೆ ಹೆದರಬೇಕು?”

ನಟರಾಜ್ ಗೋಡೆಯ ಬುಡದಲ್ಲಿದ್ದ ಚೆಂಡು ಎತ್ತಿಕೊಂಡರು. ಸಿದ್ದಮಲ್ಲಪ್ಪನವರು, “ಮಾತು ಮಾತೇ,” ಎಂದು ಚಪ್ಪಲಿ ಮೆಟ್ಟಿಕೊಂಡು ಹೋದರು.

ರಾಹುಲ್ ನೆಟ್ಟು ಬಿಚ್ಚಿ ಸುತ್ತಿಟ್ಟ. “ಬತ್ತೀನಿ ಸಾ,” ಎಂದ. ಸೋಮವಾರ ಬರುತ್ತೇನೆಂದು ಅವನೂ ಹೇಳಲಿಲ್ಲ, ಬಾ ಎಂದು ಇವರೂ ಹೇಳಲಿಲ್ಲ.

ಸೋಮವಾರ ತಂಡದ ಪಟ್ಟಿ ಹೆಡ್‌ಮಾಸ್ಟರ ಕೈಗೆ ಹೋಗಬೇಕಿತ್ತು. ಬೆಳಿಗ್ಗೆ ಒಂಬತ್ತಕ್ಕೆ ನಟರಾಜ್ ಪಟ್ಟಿ ಬರೆದರು. ಡಬಲ್ಸ್ ಎಂದಿರುವ ಕಡೆ ಮದನ್, ರಾಹುಲ್ ಎಂದೇ ಬರೆದರು. ಮರೆಯಲ್ಲಿ ಕಳಿಸುವುದು ಸರಿಯಲ್ಲ ಎನ್ನಿಸಿ ಅದನ್ನು ಜೇಬಿನಲ್ಲಿಟ್ಟುಕೊಂಡು ಸೈಕಲ್ ಹತ್ತಿ ಗಿರಣಿಗೆ ಹೋದರು.

ಅಂಗಳದಲ್ಲಿ ಬೇಯಿಸಿದ ಭತ್ತ ಹರಡಿತ್ತು. ಹೆಂಗಸರು ಸಾಲಾಗಿ ಕಾಲಲ್ಲಿ ಕೆದರುತ್ತಾ ಹೋಗುತ್ತಿದ್ದರು. ಅವರಲ್ಲಿ ಗೋವಿಂದಮ್ಮನೂ ಇದ್ದರು. ಮೇಷ್ಟ್ರನ್ನು ಕಂಡು ಒಂದು ಕ್ಷಣ ನಿಂತು, ಸೆರಗು ಸರಿಮಾಡಿಕೊಂಡು ಮತ್ತೆ ಸಾಲಿಗೆ ಸೇರಿದರು.

ಸಿದ್ದಮಲ್ಲಪ್ಪನವರು ಪಟ್ಟಿ ಓದಿ ಮೇಜಿನ ಮೇಲಿಟ್ಟರು. “ಆಗ್ಲಿ ಅಂದಿದ್ರಿ. ಮಾತಿಗೆ ತಪ್ಪಿದ್ರಲ್ಲ.”

“ಹೌದು ಸಾರ್, ತಪ್ಪಿದೆ.”

ಬಾಗಿಲಲ್ಲಿ ನಿಂತಿದ್ದ ನಟರಾಜ್ ಒಳಗೆ ಬಂದು ಮೇಜಿನ ಎದುರಿಗೆ ನಿಂತರು. “ಇಬ್ಬರ ಕಾಲಿನಲ್ಲೂ ತಪ್ಪಿತ್ತು. ಮೂರು ವಾರ ನಾನು ಒಬ್ಬನನ್ನೇ ತಿದ್ದಿದೆ. ಇನ್ನೊಬ್ಬನದು ಹೋದ ಸೋಮವಾರವೇ ಕಂಡಿತ್ತು, ಶನಿವಾರದವರೆಗೆ ಬಾಯಿ ಬಿಡಲಿಲ್ಲ. ನೀವು ಬೇಜಾರು ಮಾಡ್ಕೋತೀರಿ ಅಂತ. ಆ ಐದು ದಿನ ನಾನು ಹಾಳು ಮಾಡಿದ್ದು. ಅದಕ್ಕೆ ಹುಡುಗನ ಹೆಸರು ಹೊಡೆಯೋಕೆ ನನಗಾಗಲ್ಲ.”

ಸಿದ್ದಮಲ್ಲಪ್ಪನವರು ಕಿಟಕಿಯಾಚೆ ಅಂಗಳದ ಕಡೆ ನೋಡಿದರು.

“ಮದನನೂ ಹಂಗೇ ಅಂದ. ತಪ್ಪು ನಂದೇ ಕಣಪ್ಪ, ನೋಡ್ದೆ ನುಗ್ಬುಟ್ಟೆ, ಅದಕ್ಕೇ ಬಿದ್ದೆ ಅಂದ.” ಪಟ್ಟಿಯನ್ನು ಮುಂದಕ್ಕೆ ತಳ್ಳಿ, “ಕಳ್ಸಿ. ಆದ್ರೆ ನಾ ನಂಜನಗೂಡಿಗೆ ಬರಾಕಿಲ್ಲ,” ಎಂದರು.

ಬೇಸರದಿಂದ ಹಾಗೆಂದರೋ, ತಾವು ಕುರ್ಚಿಯಲ್ಲಿ ಕೂತರೆ ಆ ಹುಡುಗನ ಕಾಲು ಬಾರದೆಂದು ತಿಳಿದು ಅಂದರೋ, ನಟರಾಜರಿಗೆ ಗೊತ್ತಾಗಲಿಲ್ಲ. ಕೇಳಲೂ ಇಲ್ಲ. ಪಟ್ಟಿ ತೆಗೆದುಕೊಂಡು ಹೊರಗೆ ಬಂದು, ಅಂಗಳ ದಾಟುವಾಗ ಗೋವಿಂದಮ್ಮನಿಗೆ, “ಸಂಜೆ ಐದಕ್ಕೆ ಕಳಿಸಮ್ಮ ಅವನನ್ನ,” ಎಂದರು.

“ಬತ್ತನಾ ಅವ್ನು? ಮೊನ್ನೆಯಿಂದ ಮಾತೇ ಆಡ್ನಿಲ್ಲ, ಇವತ್ತು ಸ್ಕೂಲ್ಗೂ ಓಗ್ನಿಲ್ಲ ಸಾ,” ಎಂದರು ಆಕೆ.

“ಹೆಸರು ಕೊಟ್ಟಾಗಿದೆ ಅಂತ ಹೇಳಿ.”

ಸಂಜೆ ರಾಹುಲ್ ಬಂದ. ಉಳಿದಿದ್ದ ಹತ್ತು ದಿನವೂ ನಟರಾಜ್ ನೆಲದ ಮೇಲೆ ಎರಡು ವೃತ್ತ ಬರೆದರು.

ನಂಜನಗೂಡಿನಲ್ಲಿ ಪಂದ್ಯ ನಡೆದದ್ದು ಒಂದು ಕಲ್ಯಾಣ ಮಂಟಪದಲ್ಲಿ. ಹಿಂದಿನ ದಿನದ ಮದುವೆಯ ಹೂವು ಕಂಬಗಳಲ್ಲಿ ಬಾಡಿ ನೇತಾಡುತ್ತಿತ್ತು. ಮೊದಲ ಸುತ್ತು ಗೆದ್ದರು. ಎರಡನೆಯ ಸುತ್ತಿನಲ್ಲಿ ಎದುರಿಗೆ ಮೈಸೂರಿನ ಹುಡುಗರು; ಬೂಟು, ಬಿಳಿ ಅಂಗಿ, ಒಬ್ಬೊಬ್ಬರಿಗೂ ಎರಡೆರಡು ಬ್ಯಾಟು. ಸಿಂಗಲ್ಸ್‌ನಲ್ಲಿ ಒಂದು ಗೆದ್ದು ಒಂದು ಸೋತು, ಎಲ್ಲ ಡಬಲ್ಸ್ ಮೇಲೆ ನಿಂತಿತು. ಮೊದಲ ಗೇಮಿನ ಹತ್ತನೇ ಪಾಯಿಂಟಿಗೆ ಮದನ್ ಮತ್ತು ರಾಹುಲ್ ಭುಜಕ್ಕೆ ಭುಜ ಡಿಕ್ಕಿ ಹೊಡೆದರು. ರಾಹುಲ್ ತಿರುಗಿ ಜನರ ಕಡೆ ನೋಡಿದ. ಮೇಷ್ಟ್ರನ್ನು ಬಿಟ್ಟರೆ ಅಲ್ಲಿ ಅವನಿಗೆ ಗುರುತಿನವರೆಂದರೆ ಬಾಳೆಹಣ್ಣು ಸುಲಿಯುತ್ತಿದ್ದ ಸಿದ್ದರಾಜು ಒಬ್ಬನೇ.

ಹನ್ನೊಂದು ಹನ್ನೊಂದಾದಾಗ ಮದನ್ ಹೊಡೆದು, ಚೆಂಡು ಎಲ್ಲಿ ಬಿತ್ತೆಂದು ನೋಡುತ್ತಾ ಅಲ್ಲೇ ನಿಂತುಬಿಟ್ಟ.

“ಸರ್ಕಳ್ಲಾ,” ಎಂದ ರಾಹುಲ್.

ಅಷ್ಟೇನೂ ಜೋರಾಗಿ ಅಲ್ಲ. ಮದನ್ ಸರಿದ. ರಾಹುಲ್ ಆ ಜಾಗಕ್ಕೆ ಬಂದು ಚೆಂಡನ್ನು ಎಡ ಮೂಲೆಗೆ ಇಟ್ಟ. ವಾಪಸು ಬಂದದ್ದನ್ನು ಮದನ್ ಇನ್ನೂ ಎಡಕ್ಕೆ ಹಾಕಿದ. ಮೈಸೂರಿನ ಹುಡುಗರಿಬ್ಬರೂ ಆ ಮೂಲೆಯಲ್ಲಿ ಒಬ್ಬರ ಮೇಲೊಬ್ಬರು ಬಿದ್ದಂತಾಗಿ ಚೆಂಡನ್ನು ಹೇಗೋ ಎತ್ತಿ ಕಳಿಸಿದರು. ಬಲಗಡೆಯ ಎರಡು ಪಾತಿಯೂ ಖಾಲಿಯಾಗಿ ಬಿದ್ದಿದ್ದವು. ಮೂರನೆಯ ಚೆಂಡು ರಾಹುಲನದು, ಅವನು ಮೇಜಿಗೆ ಅಂಟಿಕೊಂಡೇ ನಿಂತಿದ್ದ.